ಬಾತುಕೋಳಿ ಪಾರ್ಕಿಗೆ ಒಂದು ಗಂಟೆ

"ಡೈನೋಸಾರ್ ಮ್ಯೂಸಿಯಂ!"

"ದೊಡ್ಡ ಚಕ್ರ! ಅದ್ರಲ್ಲಿ ಕೂತ್ರೆ ಇಡೀ ವಿಯೆನ್ನಾ ಕಾಣತ್ತಂತೆ!"

"ಅರಮನೆ ಟೀಚರ್, ಅರಮನೆ! ಸಾವಿರ ರೂಮಿದೆಯಂತೆ!"

ಐದನೇ ಕ್ಲಾಸಿನ ಮಕ್ಕಳೆಲ್ಲ ಒಟ್ಟಿಗೇ ಕೂಗುತ್ತಿದ್ದರು. ಇದ್ದವರು ಹದಿನೇಳೇ ಜನ, ಗಲಾಟೆ ಮಾತ್ರ ಎಪ್ಪತ್ತು ಜನರದ್ದು. ಬೆನ್ಯೊವಾ ಟೀಚರ್ ಬೋರ್ಡಿನ ಮೇಲೆ ಬರೆದೂ ಬರೆದೂ ಕೈಸೋತು ಸೀಮೆಸುಣ್ಣ ಕೆಳಗಿಟ್ಟರು.

"ನಾವು ಹೋಗ್ತಿರೋದು ಎರಡು ದಿನಕ್ಕೆ ಕಣ್ರೋ. ನಿಮ್ಮ ಲಿಸ್ಟ್ ನೋಡಿದ್ರೆ ಅಲ್ಲೇ ಮನೆ ಮಾಡ್ಕೊಂಡು ಇರ್ಬೇಕಾಗತ್ತೆ."

ಈ ವರ್ಷದ ಟ್ರಿಪ್ಪಿಗೆ ಟೀಚರ್ ಒಂದು ಹೊಸ ನಿಯಮ ಮಾಡಿದ್ದರು. ಪ್ಲಾನೆಲ್ಲ ಮಕ್ಕಳದ್ದೇ. ಎಲ್ಲಿಗೆ ಹೋಗಬೇಕು, ಯಾವ ಟ್ರಾಮ್ ಹತ್ತಬೇಕು, ಎಲ್ಲಿ ಕೂತು ಬುತ್ತಿ ತಿನ್ನಬೇಕು, ಎಲ್ಲವನ್ನೂ ಮಕ್ಕಳೇ ಬರೆದು ತರಬೇಕು. ಟೀಚರ್ ಸೈನ್ ಹಾಕುತ್ತಾರೆ, ಅಷ್ಟೆ.

"ದಾರಿ ತಪ್ಪಿದ್ರೆ ನನ್ನ ಕೇಳ್ಬೇಡಿ," ಎಂದಿದ್ದರು. "ನಾನು ಅಲ್ಲಿ ಬರೀ ನಿಮ್ಮನ್ನ ಎಣಿಸ್ತಾ ಇರ್ತೀನಿ."

ಎರಡನೇ ಬೆಂಚಿನಿಂದ ಡೋರ್ಕಾ ಕೈ ಎತ್ತಿದಳು. "ಟೀಚರ್, ಒಂದು ಪಾರ್ಕ್. ಗುರುವಾರ ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ ತನಕ."

"ಪಾರ್ಕಾ? ಏನಿದೆ ಅಲ್ಲಿ?"

"ಒಂದು ಕೊಳ ಇದೆ. ಬಾತುಕೋಳಿ ಇವೆ."

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನ ಕುಬೊ ಎದ್ದೇ ನಿಂತ. "ಬಾತುಕೋಳಿ ನೋಡೋಕೆ ಆರು ಗಂಟೆ ಬಸ್ಸಲ್ಲಿ ಕೂರ್ಬೇಕಾ? ನಮ್ಮಜ್ಜಿ ಹಿತ್ತಿಲಿಗೆ ಬಾರೇ, ಫ್ರೀ ಆಗಿ ತೋರಿಸ್ತೀನಿ. ಹತ್ರ ಹೋದ್ರೆ ಕಚ್ತಾವೆ ಕೂಡ!"

ಡೋರ್ಕಾ ಇದಕ್ಕೆ ತಯಾರಾಗಿಯೇ ಬಂದಿದ್ದಳು. "ಬುತ್ತಿ ತಿನ್ನೋಕೆ ಬೆಂಚುಗಳಿವೆ, ಟೀಚರ್. ಟಾಯ್ಲೆಟ್ಟೂ ಇದೆ. ಫ್ರೀ."

ಟಾಯ್ಲೆಟ್ ಎಂದ ಕೂಡಲೇ ಟೀಚರ್ ತಿರುಗಿ ನೋಡಿದರು. ಹದಿನೇಳು ಮಕ್ಕಳನ್ನು ಗೊತ್ತಿಲ್ಲದ ಊರಿಗೆ ಕರೆದುಕೊಂಡು ಹೋಗುವವರಿಗೆ ಸಾವಿರ ರೂಮಿನ ಅರಮನೆಗಿಂತ ಒಂದು ಫ್ರೀ ಟಾಯ್ಲೆಟ್ ದೊಡ್ಡದು. ಅವರು ಮತ್ತೆ ಸೀಮೆಸುಣ್ಣ ಎತ್ತಿಕೊಂಡು 'ಪಾರ್ಕ್' ಎಂದು ಬರೆದರು.

ಡೋರ್ಕಾ ಉಸ್ಸೆಂದು ಕೂತಳು. ಅರ್ಧ ಕೆಲಸ ಆಯಿತು. ಇನ್ನರ್ಧ ಇತ್ತು, ಅದೇ ಕಷ್ಟದ್ದು. ಟ್ರಿಪ್ಪಿನ ತಾರೀಕು ಒಂದು ವಾರ ಮುಂಚಿತವಾಗಿ ಬರಬೇಕಾಗಿತ್ತು.

ಯಾಕೆಂದರೆ ಡೋರ್ಕಾಳ ಅಮ್ಮ ಮಿಲೆನಾ ಇದ್ದದ್ದು ಗಡಿಯಾಚೆ, ವಿಯೆನ್ನಾದಲ್ಲಿ. ಅಲ್ಲಿ ಹೆರ್ಟಾ ಎಂಬ ಅಜ್ಜಿಯನ್ನು ನೋಡಿಕೊಳ್ಳುವುದು ಅವಳ ಕೆಲಸ. ಎರಡು ವಾರ ಅಲ್ಲಿ, ಎರಡು ವಾರ ಮನೆಯಲ್ಲಿ. ಅಮ್ಮ ಮನೆಗೆ ಬಂದಾಗ ಪಕ್ಕದ ಊರಿನ ಮಾರ್ಗಿತಾ ಆಂಟಿ ಅಲ್ಲಿಗೆ ಹೋಗುತ್ತಾರೆ. ಹದಿನೈದು ದಿನಕ್ಕೊಮ್ಮೆ ಸೋಮವಾರ ಸಂಜೆ ಒಂದು ಬಿಳಿ ವ್ಯಾನ್ ಊರೂರು ಸುತ್ತಿ, ಗೇಟಿನ ಮುಂದೆ ಹಾರ್ನ್ ಹೊಡೆದು, ಇಂಥ ಹೆಂಗಸರನ್ನೆಲ್ಲ ಹತ್ತಿಸಿಕೊಳ್ಳುತ್ತದೆ. ಬೆಳಿಗ್ಗೆ ಅವರನ್ನು ವಿಯೆನ್ನಾದಲ್ಲಿ ಇಳಿಸಿ, ಅಲ್ಲಿದ್ದವರನ್ನು ಮಂಗಳವಾರ ಮಧ್ಯಾಹ್ನ ಊರಿಗೆ ತರುತ್ತದೆ.

ಡೋರ್ಕಾಳ ಊರಾದ ಲಿಪಿನಾದಲ್ಲಿ ಹಾಗೆ ಹೋಗುವ ಅಮ್ಮಂದಿರು ಐದು ಜನ. ಅದಕ್ಕೇ ಇಲ್ಲಿ ಯಾರೂ "ಅಯ್ಯೋ ಪಾಪ" ಅನ್ನುವುದಿಲ್ಲ. ಹಾಗಂತ ಅಭ್ಯಾಸವಾಗಿಬಿಡುತ್ತದೆಯೇ? ಡೋರ್ಕಾಳಿಗೆ ಆಗಿರಲಿಲ್ಲ. ಚಳಿಗಾಲದಲ್ಲಿ ಅವಳಿಗೆ ಜೋರು ಜ್ವರ ಬಂದಾಗ ಅಮ್ಮ ವಿಯೆನ್ನಾದಲ್ಲಿ ಹೆರ್ಟಾ ಅಜ್ಜಿಗೆ ಸೂಪ್ ಕುಡಿಸುತ್ತಿದ್ದಳು. ಮನೆಯಲ್ಲಿ ಅವಳ ಜೊತೆಗಿದ್ದ ತಾತನೂ ಸೂಪ್ ಮಾಡಿಕೊಟ್ಟ, ಆದರೆ ಉಪ್ಪು ಹಾಕುವುದನ್ನೇ ಮರೆತಿದ್ದ. ನಿಜ ಹೇಳಬೇಕೆಂದರೆ, ಒಮ್ಮೆಯೂ ನೋಡದ ಆ ಅಜ್ಜಿಯನ್ನು ಕಂಡರೆ ಡೋರ್ಕಾಳಿಗೆ ಹೊಟ್ಟೆಕಿಚ್ಚು.

ಮಧ್ಯಾಹ್ನ ಊಟವಾದ ಮೇಲೆ, ಬಿಸಿಲಿದ್ದರೆ, ಅಮ್ಮ ಹೆರ್ಟಾ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಆ ಪಾರ್ಕಿಗೆ ಹೋಗುತ್ತಿದ್ದಳು. ಅಲ್ಲಿಂದ ಕೊಳದ ಫೋಟೋ ಕಳಿಸುತ್ತಿದ್ದಳು. ಡೋರ್ಕಾಳ ತಲೆಯಲ್ಲಿ ಎಲ್ಲ ಸಿದ್ಧವಾಗಿತ್ತು. ತಾನು ಕೊಳದ ಹತ್ತಿರ ನಿಂತಿರುವುದು. ಅಮ್ಮ ಕುರ್ಚಿ ತಳ್ಳಿಕೊಂಡು ಬಂದು ತಲೆ ಎತ್ತುವುದು. ಆಮೇಲೆ ಅಮ್ಮನ ಮುಖ! ಅದಕ್ಕಾಗಿ, ಟ್ರಿಪ್ ಇದೆ ಎನ್ನುವುದು ಬಿಟ್ಟರೆ, ಅಮ್ಮನಿಗೆ ಒಂದು ಮಾತೂ ಹೇಳಿರಲಿಲ್ಲ.

ಆದರೆ ಟೀಚರ್ ಇಟ್ಟಿದ್ದ ತಾರೀಕು ಜೂನ್ ಮೊದಲ ಗುರುವಾರ. ಆ ಹೊತ್ತಿಗೆ ಅಮ್ಮ ಮನೆಗೆ ಬಂದುಬಿಟ್ಟಿರುತ್ತಾಳೆ. ಹಿಂದಿನ ಗುರುವಾರ, ಮೇ ಇಪ್ಪತ್ತೆಂಟು ಆದರೆ ಅಲ್ಲೇ ಇರುತ್ತಾಳೆ.

"ಟೀಚರ್, ಜೂನ್‌ನಲ್ಲಿ ತುಂಬ ಬಿಸಿಲು. ರಶ್ಶೂ ಜಾಸ್ತಿ. ಒಂದು ವಾರ ಮೊದ್ಲೇ ಹೋಗೋಣ," ಎಂದಳು ಡೋರ್ಕಾ.

"ಸರಿ, ಕೈ ಎತ್ತಿ ನೋಡೋಣ," ಎಂದರು ಟೀಚರ್.

ಮೇಗೆ ಎಂಟು ಕೈ, ಜೂನ್‌ಗೆ ಎಂಟು ಕೈ. ಕುಬೊ ಮಾತ್ರ ಎರಡಕ್ಕೂ ಕೈ ಎತ್ತಲಿಲ್ಲ. ಮೇ ಮೂವತ್ತರ ಶನಿವಾರ ಮಕ್ಕಳ ಅಗ್ನಿಶಾಮಕ ತಂಡಗಳ ಪಂದ್ಯವಿತ್ತು. ಲಿಪಿನಾ ತಂಡದಲ್ಲಿ ಪಂಪಿಗೆ ನೀರಿನ ಪೈಪ್ ಜೋಡಿಸುವವನು ಅವನೇ. ಮೇನಲ್ಲಿ ಟ್ರಿಪ್ಪಿಗೆ ಹೋದರೆ ಕೊನೆಯ ಎರಡು ದಿನದ ಪ್ರಾಕ್ಟೀಸ್ ತಪ್ಪುತ್ತದೆ, ಜೂನ್ ಆದರೆ ಬಿಸಿಲು, ರಶ್ಶು.

"ನಾಳೆ ಹೇಳ್ತೀನಿ ಟೀಚರ್," ಎಂದ ಕುಬೊ.

ಸ್ಕೂಲು ಬಿಟ್ಟ ಮೇಲೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಡೋರ್ಕಾ ಅವನನ್ನು ಹಿಡಿದಳು. "ಕುಬೊ, ಪ್ಲೀಸ್ ಕಣೋ. ಮೇಗೆ ಕೈ ಎತ್ತು."

"ಯಾಕೆ? ನಿನ್ನ ಬಾತುಕೋಳಿಗಳು ಜೂನಲ್ಲಿ ರಜಾ ಹಾಕ್ತಾವಾ?"

ಡೋರ್ಕಾ ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಕುಬೊ ಸೈಕಲ್ಲಿನ ಪೆಡಲನ್ನು ಕಾಲಿನಿಂದ ಗರಗರ ತಿರುಗಿಸುತ್ತಾ ಕೇಳಿದ.

"ಕತ್ತೆ. ಮೊದ್ಲೇ ಹೇಳಕ್ಕೇನಾಗಿತ್ತು ನಿಂಗೆ?" ಎಂದವನೇ ಸೈಕಲ್ ಹತ್ತಿ ಹೋದ.

ಮಾರನೇ ದಿನ ಅವನು ಮೇಗೆ ಕೈ ಎತ್ತಿದ. ಅದೇ ಸಂಜೆ ತಂಡದ ಕೋಚ್ ಅವನ ಪೈಪನ್ನು ಅವನ ಚಿಕ್ಕಪ್ಪನ ಮಗನಿಗೆ ಕೊಟ್ಟರು. "ಹೋಗ್ಲಿ ಬಿಡು," ಎಂದ ಕುಬೊ. ಆದರೆ ಒಂದು ವಾರ ದಾರಿಯಲ್ಲಿ ಸಿಕ್ಕ ಕಲ್ಲನ್ನೆಲ್ಲ ಒದೆಯುತ್ತ ಓಡಾಡಿದ.

ಪ್ಲಾನ್ ಕೆಲಸ ಜೋರಾಗಿ ನಡೆಯಿತು. ಡೋರ್ಕಾ ಮತ್ತು ಕುಬೊ ದಾರಿ ನೋಡುವ ಗುಂಪಿನಲ್ಲಿದ್ದರು. ಕಂಪ್ಯೂಟರಿನಲ್ಲಿ ಮ್ಯಾಪ್ ತೆಗೆದು, ಅಳೆದು, ಟ್ರಾಮಿನ ನಂಬರ್ ಬರೆದುಕೊಂಡರು. ಡೋರ್ಕಾ ಲೆಕ್ಕ ಹಾಕಿದ್ದಕ್ಕೆಲ್ಲ ಕುಬೊ ಹತ್ತು ಹತ್ತು ನಿಮಿಷ ಸೇರಿಸುತ್ತಿದ್ದ.

"ಇದ್ಯಾಕೆ?"

"ಶೂ ಲೇಸಿಗೆ. ಹದಿನೇಳು ಜನ ಇದೀವಿ, ಒಬ್ರದ್ದಾದ್ರೂ ಬಿಚ್ಚೇ ಬಿಚ್ಚತ್ತೆ."

ಟೀಚರ್ ಪ್ಲಾನ್ ಓದಿ, ನಕ್ಕು, ಸೈನ್ ಹಾಕಿದರು.

ಮೇ ತಿಂಗಳ ಮೊದಲ ಭಾನುವಾರ ಅಮ್ಮನ ಫೋನ್ ಬಂತು. ಇನ್ನೆರಡು ದಿನಕ್ಕೆ, ಮಂಗಳವಾರ, ಅವಳು ಮನೆಗೆ ಬರಬೇಕಿತ್ತು.

"ಚಿನ್ನಾ, ಬೇಜಾರ್ ಮಾಡ್ಕೋಬೇಡ. ಈ ಸಲ ನಾನು ಬರಲ್ಲ. ಮಾರ್ಗಿತಾ ಮೊಮ್ಮಗನಿಗೆ ಚರ್ಚಲ್ಲಿ ಮೊದಲ ಪರಮಪ್ರಸಾದ. ನಲವತ್ತು ಜನ ನೆಂಟರಿಗೆ ಅಡುಗೆ, ಕೇಕು, ಎಲ್ಲ ಅವಳೇ ಮಾಡ್ಬೇಕು. ಅವಳ ಎರಡು ವಾರಾನೂ ನಾನೇ ಇರ್ತೀನಿ ಅಂತ ಒಪ್ಕೊಂಡೆ."

"ಅಂದ್ರೆ ನಾಲ್ಕು ವಾರ ಒಟ್ಟಿಗೇನಾ?"

"ಹೂಂ. ಹತ್ತೊಂಬತ್ತಕ್ಕೆ ಬಂದ್ಬಿಡ್ತೀನಿ. ಆಮೇಲೆ ಎರಡು ವಾರ ಪೂರ್ತಿ ನಿನ್ನ ಜೊತೆ. ಅಂದಹಾಗೆ, ನಿಮ್ಮ ಟ್ರಿಪ್ ಯಾವತ್ತು?"

ಡೋರ್ಕಾ ಗೋಡೆಯ ಕ್ಯಾಲೆಂಡರ್ ನೋಡಿದಳು. ಹತ್ತೊಂಬತ್ತರಿಂದ ಎರಡು ವಾರ. "ಇಪ್ಪತ್ತೆಂಟಕ್ಕೆ," ಎಂದಳು.

"ಸದ್ಯ! ಹಾಗಾದ್ರೆ ನೀನು ಹೊರಡೋ ದಿನ ನಾನು ಮನೇಲೇ ಇರ್ತೀನಿ. ಬುತ್ತಿ ನಾನೇ ಕಟ್ಟಿಕೊಡ್ತೀನಿ!" ಅಮ್ಮನ ದನಿಯಲ್ಲಿ ಎಷ್ಟು ಖುಷಿಯಿತ್ತೆಂದರೆ ಡೋರ್ಕಾ "ಹೂಂ ಅಮ್ಮ" ಎಂದಷ್ಟೇ ಹೇಳಿದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫೋನ್ ಇಟ್ಟು ಅವಳು ಅಡುಗೆಮನೆಗೆ ಹೋದಳು. ತಾತ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ.

"ಯಾಕೇ ಮುಖ ಹುಳ್ಳಗಾಗಿದೆ?" ಎಂದು ಕೇಳಿದ್ದೇ ತಡ, ಡೋರ್ಕಾ ಅಳುತ್ತ ಎಲ್ಲವನ್ನೂ ಹೇಳಿಬಿಟ್ಟಳು.

"ಅಯ್ಯೋ ಪೆದ್ದಿ, ಒಂದು ಮಾತು ಅವಳ ಕಿವಿಗೆ ಹಾಕಿದ್ರೆ ಆಗ್ತಿತ್ತಲ್ಲೇ!"

"ಸರ್‌ಪ್ರೈಸ್ ಅಂತ..."

"ಸರ್‌ಪ್ರೈಸೇನೋ ಆಯ್ತು. ನಿಂಗೇ ಆಯ್ತು." ತಾತ ಚಾಕು ಕೆಳಗಿಟ್ಟು ಒದ್ದೆ ಕೈಯಲ್ಲೇ ಅವಳ ತಲೆ ಸವರಿದ. "ಈಗ್ಲಾದ್ರೂ ನಾನು ಹೇಳ್ಲಾ ಅವಳಿಗೆ?"

"ಬೇಡ ತಾತ. ಮಾರ್ಗಿತಾ ಆಂಟಿಗೆ ಮಾತು ಕೊಟ್ಟಾಗಿದೆ. ಹೇಳಿದ್ರೆ ಅಮ್ಮಂಗೂ ಬೇಜಾರು."

ಕುಬೊಗೆ ಹೇಳುವುದು ಇನ್ನೂ ಕಷ್ಟವಾಗಿತ್ತು. ಹೇಳದೆ ಇರುವಂತೆಯೂ ಇರಲಿಲ್ಲ. ಸೋಮವಾರ ಇಂಟರ್‌ವಲ್‌ನಲ್ಲಿ ಹೇಳಿಯೇ ಬಿಟ್ಟಳು.

"ಅಂದ್ರೆ ನನ್ನ ಪೈಪ್ ಸುಮ್‌ಸುಮ್ನೆ ಹೋಯ್ತಾ?" ಎಂದ ಕುಬೊ.

"ಸಾರಿ ಕಣೋ. ಪಾರ್ಕನ್ನ ತೆಗೆದುಬಿಡೋಣ. ಆ ಹೊತ್ತಲ್ಲಿ ಡೈನೋಸಾರ್ ಹತ್ರ ಇನ್ನೂ ಒಂದು ಗಂಟೆ ಇರಬಹುದು."

ಕುಬೊ ಅವಳನ್ನೇ ನೋಡಿದ. ಅವಳ ಕಣ್ಣು ಕೆಂಪಗಿತ್ತು. "ಯಾಕೆ ತೆಗೀಬೇಕು? ಟೀಚರ್ ಸೈನ್ ಹಾಕಾಗಿದೆ. ಪೈಪೂ ಹೋಗಿ, ಬಾತುಕೋಳೀನೂ ಹೋದ್ರೆ ನಂಗೇನು ಸಿಕ್ತು? ಸುಮ್ನಿರು. ಪಾರ್ಕಿಗೆ ಹೋಗೇ ಹೋಗ್ತೀವಿ."

ಹತ್ತೊಂಬತ್ತನೇ ತಾರೀಕು ಅಮ್ಮ ಬಂದಳು. ವ್ಯಾನಿನಿಂದ ಮೊದಲು ಬೇರೆಯವರ ಅಮ್ಮಂದಿರು, ಆಮೇಲೆ ಅವರ ಬ್ಯಾಗುಗಳು, ಎಲ್ಲಕ್ಕಿಂತ ಕೊನೆಗೆ ಅಮ್ಮ. ನಾಲ್ಕು ವಾರದ ಅಪ್ಪುಗೆಯನ್ನು ಒಂದೇ ಸಲಕ್ಕೆ ಕೊಟ್ಟಳು. ಡೋರ್ಕಾಳಿಗೆ ಉಸಿರು ಕಟ್ಟಿತು, ಆದರೂ ಬಿಡು ಎನ್ನಲಿಲ್ಲ.

ಟ್ರಿಪ್ಪಿನ ಹಿಂದಿನ ದಿನ ಮಧ್ಯಾಹ್ನ ಅಮ್ಮ ಡೋರ್ಕಾಳ ಬ್ಯಾಗ್ ಜೋಡಿಸುತ್ತ ಪ್ಲಾನ್ ಹಾಳೆಯನ್ನು ಓದಿದಳು. ಓದುತ್ತಿದ್ದವಳು ನಡುವೆ ನಿಂತಳು. "ಇದು ನಮ್ಮ ಪಾರ್ಕ್ ಅಲ್ವಾ?"

ನಮ್ಮ ಅಂದರೆ ಅಮ್ಮನದು ಮತ್ತು ಆ ಅಜ್ಜಿಯದು. ಡೋರ್ಕಾಳಿಗೆ ಆ ಮಾತು ಚುರುಕ್ಕೆಂದಿತು. ಅವಳು ಸಾಕ್ಸ್ ಮಡಿಸತೊಡಗಿದಳು. ಅಮ್ಮ ತಾರೀಕು ನೋಡಿದಳು, ಹೊತ್ತು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಮಂಚದ ಮೇಲೆ ಕುಸಿದು ಕೂತು ಮಗಳನ್ನು ಹತ್ತಿರ ಎಳೆದುಕೊಂಡಳು.

"ನಂಗೆ ಗೊತ್ತಿದ್ದಿದ್ರೆ..." ಎಂದಳು. ಇಬ್ಬರೂ ಸ್ವಲ್ಪ ಅತ್ತರು. ಆಮೇಲೆ ಅಮ್ಮ ಮೂಗು ಒರೆಸಿಕೊಂಡು ಹೇಳಿದಳು, "ಮಾರ್ಗಿತಾಗೆ ಫೋನ್ ಮಾಡ್ತೀನಿ. ಹೆರ್ಟಾ ಅಜ್ಜೀನ ಆ ಹೊತ್ತಿಗೆ ಕರ್ಕೊಂಡು ಬರ್ಲಿ. ನಿನ್ನ ಫೋಟೋ ದಿನಾ ನೋಡ್ತಾರೆ ಅವರು."

"ನಂಗೇನೂ ಅವರನ್ನ ನೋಡ್ಬೇಕಾಗಿಲ್ಲ."

ಅಮ್ಮ ಬಲವಂತ ಮಾಡಲಿಲ್ಲ. ಆದರೆ ಫೋನ್ ಮಾಡಿದಳು.

ಬಸ್ಸು ಬೆಳಿಗ್ಗೆ ಐದಕ್ಕೆ ಹೊರಟಿತು. ಲಿಪಿನಾದ ಸೇತುವೆ ದಾಟುವ ಮುಂಚೆಯೇ ಎಲ್ಲ ಸೀಟುಗಳಿಂದ ಪೊಟ್ಟಣ ಬಿಚ್ಚುವ ಚರಚರ ಸದ್ದು. ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ಮಾಂಸದ ವಾಸನೆ ಬಸ್ಸಿನ ತುಂಬ ಹರಡಿತು. "ಅದು ಮಧ್ಯಾಹ್ನದ ಬುತ್ತಿ ಕಣ್ರೋ!" ಎಂದು ಟೀಚರ್ ಕೂಗಿದರು. ಕೂಗುವಾಗ ಅವರ ಬಾಯಲ್ಲೂ ತುತ್ತಿತ್ತು.

ವಿಯೆನ್ನಾದಲ್ಲಿ ಟ್ರಾಮ್ ಹತ್ತುವಾಗ ಒಬ್ಬರದಲ್ಲ, ಮೂವರ ಶೂ ಲೇಸ್ ಬಿಚ್ಚಿತು. ಆದರೂ ಒಂದೂವರೆಗೆ ಸರಿಯಾಗಿ ಪಾರ್ಕ್ ತಲುಪಿದರು. ಬೆಂಚುಗಳಿದ್ದವು. ಟಾಯ್ಲೆಟ್ಟೂ ಇತ್ತು. ಟೀಚರ್ ಡೋರ್ಕಾಳ ಬೆನ್ನು ತಟ್ಟಿದರು. ಕುಬೊ ಕೊಳದ ಅಂಚಿಗೇ ಹೋಗಿ ಕೂತ.

"ಇವು ಕಚ್ಚೋದೇ ಇಲ್ಲ ಕಣೇ," ಎಂದ. "ಮರ್ಯಾದಸ್ಥ ಬಾತುಕೋಳಿಗಳು."

ಆಗ ಗೇಟಿನಿಂದ ಒಂದು ಗಾಲಿಕುರ್ಚಿ ಬಂತು. ತಳ್ಳುತ್ತಿದ್ದವರು ಮಾರ್ಗಿತಾ ಆಂಟಿ. ಕುರ್ಚಿಯಲ್ಲಿದ್ದ ಅಜ್ಜಿ ಡೋರ್ಕಾ ಅಂದುಕೊಂಡದ್ದಕ್ಕಿಂತ ತೀರಾ ಪುಟ್ಟ ದೇಹದವರು. ನೀಲಿ ಟೋಪಿ ಹಾಕಿದ್ದರು. ತುಟಿಗೆ ಬಣ್ಣ ಹಚ್ಚಿದ್ದರು, ಅದು ಸ್ವಲ್ಪ ಕೆನ್ನೆಗೂ ತಾಗಿತ್ತು.

ಡೋರ್ಕಾ ಮರದ ಹಿಂದೆ ಸರಿಯಬೇಕೆಂದಿದ್ದಳು. ಅಷ್ಟರಲ್ಲಿ ಮಾರ್ಗಿತಾ ಆಂಟಿ ಅವಳನ್ನು ಕಂಡು ಕೈ ಬೀಸಿ ಕರೆದರು.

"ಬಾ ಕಂದಾ. ಬೆಳಿಗ್ಗೆ ಆರಕ್ಕೇ ಎದ್ದು ಟೋಪಿ ಕೊಡು ಅಂತ ಕೂತಿದ್ದಾರೆ ನೋಡು. ಒಂದೇ ಕಷ್ಟ, ನೀನು ಬರ್ತೀಯ ಅಂದ್ರೆ ನಿಮ್ಮಮ್ಮಾನೂ ಬರ್ತಾಳೆ ಅಂತ ತಿಳ್ಕೊಂಡ್ಬಿಟ್ಟಿದ್ದಾರೆ. ಇಲ್ಲ ಅಂತ ಎಷ್ಟು ಸಲ ಹೇಳ್ದೆ, ತಲೆಗೇ ಹೋಗ್ತಿಲ್ಲ."

"ಡೋರ್ಕಾ!" ಎಂದರು ಅಜ್ಜಿ. ಅವಳ ಕೈ ಹಿಡಿದುಕೊಂಡು ನಕ್ಕರು. ಆಮೇಲೆ ಅವಳ ಭುಜದಾಚೆ ಕತ್ತು ಚಾಚಿ ನೋಡಿದರು. ಬೆಂಚಿನ ಮೇಲಿದ್ದ ಮಕ್ಕಳನ್ನು, ಟೀಚರನ್ನು, ಕೊಳದಾಚೆ ಹೋಗುತ್ತಿದ್ದ ಯಾರೋ ಹೆಂಗಸನ್ನು, ಕೊನೆಗೆ ಗೇಟನ್ನು ನೋಡಿದರು.

"ಮಿಲೆನಾ?"

ಆ ನೋಟ ಡೋರ್ಕಾಳಿಗೆ ಗೊತ್ತಿತ್ತು. ಮಂಗಳವಾರ ಮಧ್ಯಾಹ್ನ ವ್ಯಾನಿನ ಬಾಗಿಲು ತೆರೆದು ಬೇರೆಯವರೆಲ್ಲ ಇಳಿಯುತ್ತಿರುವಾಗ ಅವಳೂ ಹೀಗೇ ಕತ್ತು ಚಾಚುತ್ತಿದ್ದಳು. ಅಮ್ಮ ತನ್ನ ಹತ್ತಿರ ಇದ್ದ ದಿನಗಳಲ್ಲಿ ಇಲ್ಲೊಬ್ಬರು ಹೀಗೆ ಗೇಟು ನೋಡುತ್ತ ಕೂತಿರುತ್ತಾರೆಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

"ಆಂಟಿ, ಅಮ್ಮ ಮಂಗಳವಾರ ಬರ್ತಾಳೆ ಅಂತ ಹೇಳಿ."

"ಹೇಳಿದೀನಮ್ಮ."

"ಇನ್ನೊಂದ್ಸಲ ಹೇಳಿ."

ಮಾರ್ಗಿತಾ ಆಂಟಿ ಬಗ್ಗಿ ಜರ್ಮನ್‌ನಲ್ಲಿ ಹೇಳಿದರು. ಅಜ್ಜಿ ಡೋರ್ಕಾಳ ಕಡೆ ತಿರುಗಿ ಏನೋ ಕೇಳಿದರು.

"ಇನ್ನೆಷ್ಟು ದಿನ ಅವಳಿಲ್ದೆ ಇರ್ಬೇಕು ಅಂತ ನಿನ್ನೇ ಕೇಳ್ತಿದ್ದಾರೆ."

ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ. ಡೋರ್ಕಾ ಐದು ಬೆರಳು ತೋರಿಸಿದಳು.

ಅಜ್ಜಿ ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಆಮೇಲೆ ತಲೆಯಾಡಿಸಿ, ಅವಳ ಹೆಬ್ಬೆರಳನ್ನು ಮೆಲ್ಲಗೆ ಒಳಕ್ಕೆ ಮಡಿಸಿ ಏನೋ ಹೇಳಿದರು. ಮಾರ್ಗಿತಾ ಆಂಟಿ ನಕ್ಕರು.

"ಇವತ್ತು ಆಗ್ಲೇ ಅರ್ಧ ಮುಗೀತಲ್ಲ, ಇದನ್ನ ಲೆಕ್ಕಕ್ಕೆ ಹಿಡೀಬಾರ್ದಂತೆ."

ಡೋರ್ಕಾ ಬೆರಗಾಗಿ ನೋಡಿದಳು. ಹಾಸಿಗೆಯಲ್ಲಿ ಮಲಗಿ ಅವಳೂ ಎಣಿಸುವುದು ಹಾಗೆಯೇ. ಇವತ್ತನ್ನು ಬಿಟ್ಟು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತಾತನಿಗೂ.

"ಎಲ್ಲ ಲೈನಲ್ಲಿ ನಿಲ್ಲಿ! ಎಣಿಸ್ಬೇಕು!" ಎಂದು ಟೀಚರ್ ಕೂಗಿದರು. "ಡೋರ್ಕಾ, ಬಾರೇ!" ಎಂದ ಕುಬೊ.

ಡೋರ್ಕಾ ಉಳಿದ ನಾಲ್ಕು ಬೆರಳನ್ನು ನೋಡಿದಳು. ಕೊನೆಯದು ಸೋಮವಾರ. ಸೋಮವಾರ ಸಂಜೆ ವ್ಯಾನ್ ಹಾರ್ನ್ ಹೊಡೆಯುತ್ತದೆ, ಅಮ್ಮ ಹತ್ತುತ್ತಾಳೆ. ಅಲ್ಲಿಯ ತನಕ ಅದು ಅಮ್ಮ ಮನೆಯಲ್ಲಿರುವ ಕೊನೆಯ ದಿನ, ತನ್ನ ದಿನ. ಆ ಒಂದು ಸೋಮವಾರವನ್ನು ಡೋರ್ಕಾ ಇವತ್ತಿನ ತನಕ ಯಾರಿಗೂ ಬಿಟ್ಟುಕೊಟ್ಟವಳಲ್ಲ.

"ಸೋಮವಾರ ಅಮ್ಮ ಹೊರಟುಬಿಡ್ತಾಳೆ ಅಂತ ಹೇಳಿ ಆಂಟಿ. ಅದನ್ನೂ ಎಣಿಸೋದು ಬೇಡ."

ಹಾಗೆಂದು ಕಿರುಬೆರಳನ್ನು ತಾನೇ ಮಡಿಸಿದಳು. ಅಜ್ಜಿ ಉಳಿದ ಮೂರು ಬೆರಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಟೀಚರ್ ಮತ್ತೊಮ್ಮೆ ಕೂಗುವ ತನಕ ಡೋರ್ಕಾ ಕೈ ಬಿಡಿಸಿಕೊಳ್ಳಲಿಲ್ಲ.